ಆರೈಕೆಯ ರೊಕ್ಕ ಯಾರ ಖಾತೆಗೆ?

ಭಾಗ 1
(ಫೋಟೊ: ನಮ್ಮ ಪಡಸಾಲಿ. ಹೊಸ್ತಿಲಿಗೆ ಹಾಕಿದ ಹಲಗಿ ವೀಲ್‌ಚೇರ್ ಇಳಿಸಾಕ.)

ತಾಜ್ ಬಾವಡಿ ಸರಣಿ ಮುಗಿದ ಮೇಲೆ "ಮುಂದಿಂದು ಯಾವ ಗುಮ್ಮಟ?" ಅಂತ ಬಹಳ ಮಂದಿ ಮೆಸೇಜ್ ಹಾಕಿದ್ರಿ. ಈ ಸಲ ಗುಮ್ಮಟ ಇಲ್ಲ, ಸುಲ್ತಾನನೂ ಇಲ್ಲ. ಈ ಸಲದ್ದು ಒಂದು ಖರ್ಚಿನ ಇತಿಹಾಸ.

ಒಬ್ಬ ಮನುಷ್ಯನಿಗೆ ತಾನಾಗಿ ಹಾಸಿಗೆಯಿಂದ ಏಳೋದಕ್ಕೆ ಆಗಲ್ಲ ಅಂತಿಟ್ಕೊಳ್ರಿ. ಸ್ನಾನ, ಬಟ್ಟೆ, ಪಾಯಖಾನೆ, ಊಟ, ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕು. ಆ ಕೈಗೆ ಪಗಾರ ಯಾರು ಕೊಡಬೇಕು? ಸರ್ಕಾರ ಕೊಟ್ಟರೆ ಯಾರ ಖಾತೆಗೆ ಹಾಕಬೇಕು? ಕೈ ಕೊಟ್ಟವರ ಖಾತೆಗಾ, ಕೈ ಬೇಕಾದವನ ಖಾತೆಗಾ? ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಅಂತ ಹೇಳೋರು ಯಾರು? ನೋಡಾಕ ಸಣ್ಣ ಪ್ರಶ್ನೆಗಳು. ಆದ್ರ ಇವುಗಳ ಬೆನ್ನು ಹತ್ತಿ ಜನ ಆಸ್ಪತ್ರೆ ಬಿಟ್ಟಾರ, ಕಾನೂನು ಬದಲಿಸ್ಯಾರ, ಕೋರ್ಟಿಗೆ ಹೋಗ್ಯಾರ.

ನಾನು ಇದನ್ನ ಓದಾಕ ಕೂತಿದ್ದಕ್ಕೆ ಕಾರಣ ಮನ್ಯಾಗೇ ಐತಿ. ನನ್ನ ದೊಡ್ಡಪ್ಪನ ಮಗನಿಗೆ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯು ವರ್ಷ ವರ್ಷಕ್ಕೆ ಸೊರಗೋ ಕಾಯಿಲೆ. ಬಿಎ ಮುಗಿಸ್ಯಾನ, ವಯಸ್ಸು 27. ಅವನನ್ನ ಎತ್ತೋದು, ಇಳಿಸೋದು ಎಲ್ಲಾ ದೊಡ್ಡವ್ವ. ಮೊದಲು ಅಕಿ ದ್ರಾಕ್ಷಿ ತ್ವಾಟಕ್ಕೆ ಚಾಟ್ನಿ ಕೆಲಸಕ್ಕೆ ಹೋಗ್ತಿದ್ಲು, ಈಗ ಬಿಟ್ಟಾಳ. ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಅನ್ನೋ ಯೋಜನೆ ಬಂದೈತಿ, ಅರ್ಜಿ ಹಾಕೋ ಮಾತು ನಡೆದೈತಿ. ಆ ರೊಕ್ಕ ಯಾರದು ಅನ್ನೋದರ ಮೇಲೆ ತಾಯಿ ಮಗನ ನಡುವೆ ಒಂದು ವಾದ ಹತ್ಯದ. ಆ ವಾದ ಎಷ್ಟು ಹಳೇದು ಅಂತ ಹುಡುಕ್ತಾ ಹೋದ್ರೆ ನಾನು ಅಮೆರಿಕದ ಒಂದು ಕಾಲೇಜು ಆಸ್ಪತ್ರೆ ತನಕ ಹೋಗಿ ಮುಟ್ಟಿದೆ. ಬರ್ರಿ.

ಭಾಗ 2
(ಫೋಟೊ: ಕಟಿಂಗ್ ಅಂಗಡಿ ಕನ್ನಡಿ, ಎದುರಿಗೆ ಖಾಲಿ ಕುರ್ಚಿ)

ಹೊರದೇಶಕ್ಕೆ ಹೋಗೋ ಮೊದಲು ನಮ್ಮ ಕಡೆಯ ಹಳೇ ಲೆಕ್ಕ ಒಂದು. ಬಿಜಾಪುರ ಸೀಮೆ 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಾಗ ಇತ್ತು ಅನ್ನೋದು ನಿಮಗ ಗೊತ್ತು. ಈ ಭಾಗದ ಹಳ್ಳಿಗಳಲ್ಲಿ ಆಯ, ಬಲುತಿ ಅನ್ನೋ ಪದ್ಧತಿ ಇತ್ತು. ಬಡಿಗ, ಕಮ್ಮಾರ, ಕ್ಷೌರಿಕ, ಅಗಸ ಎಲ್ಲರಿಗೂ ಸುಗ್ಗಿಯಲ್ಲಿ ಕಾಳಿನ ಪಾಲು. ವರ್ಷಪೂರ್ತಿ ಕೆಲಸ, ರಾಶಿ ಆದಾಗ ಕೂಲಿ. ಇದನ್ನ ಚಂದದ ಕಥಿ ಮಾಡೋದು ನನಗ ಸೇರಲ್ಲ, ಯಾಕಂದ್ರ ಆ ಕೆಲಸ ಜಾತಿಗೆ ಕಟ್ಟಿದ್ದು. ಬಿಡ್ತೀನಿ ಅಂದ್ರೆ ಬಿಡೋ ಹಂಗಿರಲಿಲ್ಲ, ಪಾಲು ಎಷ್ಟು ಅಂತ ಹೇಳೋರು ಹೊಲ ಇದ್ದವರು.

ಆದ್ರ ಒಂದು ವಿಷಯ ಗಮನಿಸ್ರಿ. ದೇಹಕ್ಕೆ ಮಾಡೋ ಕೆಲಸಗಳಲ್ಲಿ ಗಡ್ಡ ತೆಗೆಯೋದಕ್ಕೆ ಬೆಲೆ ಇತ್ತು. ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಸೀರೆ, ಕಾಳು ಕೊಡ್ತಿದ್ರು. ಎದ್ದೇಳಲಾರದವರನ್ನ ಎತ್ತಿ, ತೊಳೆದು, ಉಣ್ಣಿಸೋದು ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ಅದು ಮನೆ ಹೆಂಗಸರದ್ದು. ಅದಕ್ಕೆ ನಾವಿಟ್ಟ ಹೆಸರು 'ಸೇವಾ'. ಸೇವಾ ಅಂದಮೇಲೆ ಪಗಾರ ಕೇಳಂಗಿಲ್ಲ, ರಜಾ ಕೇಳಂಗಿಲ್ಲ. ಸೇವಾ ಮಾಡಿಸಿಕೊಳ್ಳೋನೂ ಬಾಯಿ ಬಿಡಂಗಿಲ್ಲ. ನೀರು ಭಾಳ ಸುಡಾಕತ್ತೈತಿ ಅಂದ್ರೂ "ಮಾಡೋದೇ ಹೆಚ್ಚು" ಅನ್ನೋ ಮುಖ ನೋಡಬೇಕಾಗ್ತದ.

ಅಕೌಂಟ್ಸ್ ಓದೋರಿಗೆ ಇದು ತಿಳೀತದ: ಲೆಡ್ಜರ್‌ನಾಗ ಸಾಲೇ ಇಲ್ಲದ ಖರ್ಚನ್ನ ಯಾರೂ ಆಡಿಟ್ ಮಾಡಲ್ಲ.

ಭಾಗ 3
(ಫೋಟೊ: ಕಾಲೇಜು ಮೆಟ್ಟಿಲು, ಕೆಳಗಿಂದ ತೆಗೆದಿದ್ದು)

1953. ಕ್ಯಾಲಿಫೋರ್ನಿಯಾದ 14 ವರ್ಷದ ಎಡ್ ರಾಬರ್ಟ್ಸ್ ಅನ್ನೋ ಹುಡುಗನಿಗೆ ಪೋಲಿಯೋ. ಕುತ್ತಿಗೆ ಕೆಳಗೆ ಹೆಚ್ಚುಕಡಿಮೆ ಎಲ್ಲಾ ನಿಂತುಹೋಯ್ತು. ಉಸಿರಾಟಕ್ಕೆ ರಾತ್ರಿ 'ಕಬ್ಬಿಣದ ಪುಪ್ಪುಸ' ಅನ್ನೋ ದೊಡ್ಡ ಉಕ್ಕಿನ ಪೀಪಾಯಿಯೊಳಗೆ ಮಲಗಬೇಕು. 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ. ಆ ಪೀಪಾಯಿಯ ಭಾರ ಹೊರೋ ಹಾಸ್ಟೆಲ್ ಇರಲಿಲ್ಲ, ಹಿಂಗಾಗಿ ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯ ಕೋಣೆಯೇ ಅವನ ಹಾಸ್ಟೆಲ್ ಆಯ್ತು. ರಾಜ್ಯದ ಪುನರ್ವಸತಿ ಇಲಾಖೆಯವರು ಮೊದಲು ಇವನಿಂದ ಯಾವ ನೌಕರಿಯೂ ಸಾಧ್ಯವಿಲ್ಲ ಅಂತ ಬರೆದಿದ್ರು. 1975ರಲ್ಲಿ ಅದೇ ಇಲಾಖೆಗೆ ಅವನೇ ನಿರ್ದೇಶಕ ಆದ. ಇಂಥದ್ದನ್ನ ಸಿನಿಮಾದಾಗ ತೋರಿಸಿದ್ರ ನಾವು ನಂಬಂಗಿಲ್ಲ.

ರಾಬರ್ಟ್ಸ್ ಹಿಂದೆ ಇನ್ನಷ್ಟು ಹುಡುಗರು ಆ ಆಸ್ಪತ್ರೆಗೆ ಬಂದ್ರು. ತಮ್ಮನ್ನ 'ರೋಲಿಂಗ್ ಕ್ವಾಡ್ಸ್' ಅಂತ ಕರಕೊಂಡ್ರು. ಅವರು ಕಂಡುಕೊಂಡ ಸಂಗತಿ ನಮ್ಮ ವಿಷಯಕ್ಕೆ ಬೇಕಾದದ್ದು: ನರ್ಸ್ ಆಸ್ಪತ್ರೆ ಹೇಳಿದಂಗ ಕೇಳ್ತಾಳ, ತಾವೇ ನೇಮಿಸಿದ ಸಹಾಯಕ ತಾವು ಹೇಳಿದಂಗ ಕೇಳ್ತಾನ. ಎರಡೂ ಒಂದೇ ಕೆಲಸ, ಎತ್ತೋದು ಇಳಿಸೋದು. ಬದಲಾಗಿದ್ದು ಮಾಲೀಕ. 1972ರಲ್ಲಿ ಬರ್ಕ್ಲಿಯಲ್ಲಿ 'ಸ್ವತಂತ್ರ ಬದುಕಿನ ಕೇಂದ್ರ' ಶುರು ಆಯ್ತು. ಸಹಾಯಕರನ್ನ ಹುಡುಕೋದು, ಮನೆ ಹುಡುಕೋದು, ವೀಲ್‌ಚೇರ್ ರಿಪೇರಿ ಎಲ್ಲಾ ಅಲ್ಲೇ. ಅದರ ಮರುವರ್ಷ 1973ರಲ್ಲಿ ಕ್ಯಾಲಿಫೋರ್ನಿಯಾ ಮನೆಯೊಳಗಿನ ನೆರವಿಗೆ ಸರ್ಕಾರವೇ ತಾಸಿನ ಲೆಕ್ಕದಲ್ಲಿ ಕೂಲಿ ಕೊಡೋ ಯೋಜನೆ ಮಾಡ್ತು. ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಬೇಕು ಅನ್ನೋದು ನೆರವು ಪಡೆಯೋನ ಕೈಯಲ್ಲಿ. ತಾಯಿಯನ್ನೂ ನೇಮಿಸಬಹುದು, ಅಕಿಗೂ ಕೂಲಿ ಬರ್ತದ. ಇದನ್ನ ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದ.

ಭಾಗ 4
(ಫೋಟೊ: ಕೈಬರಹದ ಲೆಕ್ಕದ ಹಾಳೆ, ಬೇಕಂತಲೇ ಬ್ಲರ್)

ಈ ಭಾಗ ಉದ್ದ ಐತಿ, ಯಾಕಂದ್ರ ನನಗ ಎಲ್ಲಕ್ಕಿಂತ ಇಷ್ಟ ಆದದ್ದು ಇದೇ.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಲೆ ಕೋರ್ಟ್ ಅಂತ ಒಂದು ದೊಡ್ಡ ಬಂಗ್ಲೆ. ಎರಡನೇ ಮಹಾಯುದ್ಧದ ಬಾಂಬರ್ ಪೈಲಟ್ ಲಿಯೊನಾರ್ಡ್ ಚೆಷೈರ್ 1948ರಲ್ಲಿ ಅಲ್ಲಿ ಅಂಗವಿಕಲರಿಗೆ ಆಶ್ರಯಧಾಮ ಶುರು ಮಾಡಿದ. ಅವನ ಹೆಸರಿನ ಚೆಷೈರ್ ಹೋಮ್‌ಗಳು ಆಮೇಲೆ ಲೋಕದ ತುಂಬಾ ಆದವು, ಬೆಂಗಳೂರಲ್ಲೂ ಒಂದೈತಿ. ಒಳ್ಳೆ ಮನಸ್ಸಿನಿಂದ ಕಟ್ಟಿದ್ದೇ. ಆದ್ರ ಒಳ್ಳೆ ಮನಸ್ಸಿನ ಜಾಗದಾಗೂ ಟೈಮ್‌ಟೇಬಲ್ ಇರ್ತದ. ಲೆ ಕೋರ್ಟ್ ನಿವಾಸಿಗಳು ವರ್ಷಾನುಗಟ್ಟಲೆ ಹೋರಾಡಿದ ವಿಷಯಗಳಲ್ಲಿ ಒಂದು ಯಾವುದು ಗೊತ್ತಾ? ರಾತ್ರಿ ಎಷ್ಟು ಗಂಟೆಗೆ ಮಲಗಬೇಕು ಅನ್ನೋದು! ವಯಸ್ಸಿಗೆ ಬಂದ ಗಂಡಸರು, ಹೆಂಗಸರು. ಮಲಗಿಸೋ ಸಿಬ್ಬಂದಿಯ ಪಾಳಿ ಮುಗಿಯೋ ಹೊತ್ತಿಗೆ ಇವರಿಗೆ ನಿದ್ದಿ ಬರಬೇಕು.

ಅಲ್ಲಿದ್ದ ಪಾಲ್ ಹಂಟ್ 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಒಂದು ಪತ್ರ ಬರೆದ. ಸಂಸ್ಥೆಗಳಲ್ಲಿ ಕೊಳೆಯುತ್ತಿರೋ ಅಂಗವಿಕಲರು ಒಂದಾಗೋಣ ಅನ್ನೋದು ಅದರ ಸಾರ. ಆ ಪತ್ರದಿಂದ ಒಂದು ಸಂಘಟನೆಯೇ ಹುಟ್ಟಿತು.

1979ರಲ್ಲಿ ಲೆ ಕೋರ್ಟ್‌ನ ಇನ್ನೊಂದಿಷ್ಟು ನಿವಾಸಿಗಳು, ಅದರಾಗ ಜಾನ್ ಇವಾನ್ಸ್ ಒಬ್ಬ, ಬೇರೆ ದಾರಿ ಹಿಡಿದ್ರು. ಘೋಷಣೆ ಅಲ್ಲ, ಲೆಕ್ಕ. ತಮ್ಮ ಗುಂಪಿಗೆ 'ಪ್ರಾಜೆಕ್ಟ್ 81' ಅಂತ ಹೆಸರಿಟ್ರು. 1981 ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಅಂಗವಿಕಲರ ವರ್ಷ, ಅದಕ್ಕೆ. ಅವರ ತರ್ಕ ಇಷ್ಟೇ: ನಮ್ಮನ್ನ ಇಲ್ಲಿ ಇಟ್ಟುಕೊಂಡಿದ್ದಕ್ಕೆ ಸ್ಥಳೀಯ ಆಡಳಿತ ಈ ಸಂಸ್ಥೆಗೆ ಪ್ರತಿ ತಿಂಗಳು ಶುಲ್ಕ ಕಟ್ಟುತ್ತೈತಿ. ಆ ರೊಕ್ಕ ಖರ್ಚಾಗ್ತಿರೋದು ನಮ್ಮ ಹೆಸರಲ್ಲಿ. ಅದನ್ನೇ ನಮ್ಮ ಕೈಗೆ ಕೊಡ್ರಿ. ನಾವು ಊರೊಳಗೆ ಮನೆ ಮಾಡ್ತೀವಿ, ನಮಗೆ ಬೇಕಾದವರನ್ನ ನೇಮಿಸ್ತೀವಿ.

ಹೊಸ ರೊಕ್ಕ ಕೇಳಲಿಲ್ಲ ನೋಡ್ರಿ. ಇದ್ದ ರೊಕ್ಕದ ವಿಳಾಸ ಬದಲಿಸ್ರಿ ಅಂದ್ರು.

ಒಬ್ಬೊಬ್ಬರೂ ತಮ್ಮ ದಿನದ ಕೆಲಸಗಳನ್ನ ಬರೆದ್ರು, ಎಷ್ಟು ತಾಸಿನ ನೆರವು ಬೇಕು ಅಂತ ತಾವೇ ಕೂಡಿಸಿದ್ರು, ಕೂಲಿ ಲೆಕ್ಕ ಹಾಕಿದ್ರು, ಅಧಿಕಾರಿಗಳ ಮುಂದೆ ಇಟ್ರು. ಅಧಿಕಾರಿಗಳ ಬಾಯಿಂದ ಬಂದದ್ದು: ಕಾನೂನು ಬಿಡಲ್ಲ. ಅದು ಸುಳ್ಳಲ್ಲ. 1948ರ ರಾಷ್ಟ್ರೀಯ ನೆರವು ಕಾಯ್ದೆ ಪ್ರಕಾರ ಸ್ಥಳೀಯ ಆಡಳಿತ ಸೇವೆ ಕೊಡಬಹುದಿತ್ತು, ಸೇವೆ ಬದಲು ನಗದು ಕೊಡಂಗಿರಲಿಲ್ಲ. ಹಿಂಗಾಗಿ ಒಂದು ಸುತ್ತು ದಾರಿ ಹುಡುಕಿದ್ರು. ಆಡಳಿತ ಸಂಸ್ಥೆಗೆ ರೊಕ್ಕ ಕೊಡೋದು, ಸಂಸ್ಥೆ ಅದನ್ನ ವ್ಯಕ್ತಿಗೆ ದಾಟಿಸೋದು. ಅಂದ್ರ ಯಾವ ಸಂಸ್ಥೆಯಿಂದ ಹೊರಗೆ ಬರಬೇಕಿತ್ತೋ ಅದೇ ಸಂಸ್ಥೆ ಪೋಸ್ಟ್‌ಮ್ಯಾನ್ ಆಯ್ತು! 1983ರ ಹೊತ್ತಿಗೆ ಇವಾನ್ಸ್ ಹೊರಗೆ ಬಂದು ಸ್ವಂತ ಮನೆಯಲ್ಲಿದ್ದ.

ಭಾಗ 5
(ಫೋಟೊ: ಅದೇ ಹಾಳೆಯ ಹಿಂಭಾಗ)

ಸುತ್ತು ದಾರಿ ಎಷ್ಟು ದಿನ? 1988ರಲ್ಲಿ ಬ್ರಿಟನ್ ಸರ್ಕಾರ 'ಸ್ವತಂತ್ರ ಬದುಕಿನ ನಿಧಿ' ಅಂತ ಒಂದು ಟ್ರಸ್ಟ್ ಮಾಡ್ತು, ತೀವ್ರ ಅಂಗವಿಕಲರಿಗೆ ಸಹಾಯಕರನ್ನ ಇಟ್ಕೊಳ್ಳೋಕೆ ನೇರ ನಗದು. ಅರ್ಜಿಗಳು ಅಂದಾಜು ಮೀರಿ ಬಂದವು. 1994ರಲ್ಲಿ ಅಂಗವಿಕಲರ ಸಂಘಟನೆಗಳ ಒಕ್ಕೂಟ ಒಂದು ಅಧ್ಯಯನ ಮಾಡಿಸ್ತು. ವ್ಯಕ್ತಿಯ ಕೈಗೇ ರೊಕ್ಕ ಕೊಟ್ಟರೆ ಅದೇ ನೆರವಿಗೆ ಆಗೋ ವೆಚ್ಚ ಶೇಕಡಾ 30ರಿಂದ 40ರಷ್ಟು ಕಡಿಮೆ ಅಂತ ಬಂತು. ಕಟ್ಟಡ ಇಲ್ಲ, ಮ್ಯಾನೇಜರ್ ಇಲ್ಲ, ಓವರ್‌ಹೆಡ್ ಇಲ್ಲ. ಹಕ್ಕು ಅಂದ್ರ ಕಿವಿಗೊಡದ ಖಜಾನೆ ಮಂದಿ ಉಳಿತಾಯ ಅಂದ ಕೂಡಲೇ ಕಿವಿಗೊಟ್ಟರು ಅಂತ ನನ್ನ ಅನುಮಾನ.

1996ರಲ್ಲಿ ನೇರ ಪಾವತಿ ಕಾಯ್ದೆ ಆಯ್ತು, 1997ರ ಏಪ್ರಿಲ್‌ನಿಂದ ಜಾರಿ. ಮೊದಲು ಅದರಲ್ಲಿ ಇದ್ದ ಪದ ಸ್ಥಳೀಯ ಆಡಳಿತ ರೊಕ್ಕ 'ಕೊಡಬಹುದು'. 65 ದಾಟಿದ ಹೊಸ ಅರ್ಜಿದಾರರಿಗೆ ಇಲ್ಲ. 2000ದಲ್ಲಿ ವಯಸ್ಸಿನ ಗೆರೆ ಹೋಯ್ತು. 2003ರಲ್ಲಿ ಇಂಗ್ಲೆಂಡಿನಲ್ಲಿ 'ಕೊಡಬಹುದು' ಹೋಗಿ 'ಕೊಡಲೇಬೇಕು' ಆಯ್ತು, ಅರ್ಹ ವ್ಯಕ್ತಿ ಕೇಳಿದರೆ. ಕ್ರಿಯಾಪದ ಒಂದು ಬದಲಾಗೋಕೆ ಆರು ವರ್ಷ.

ಹಂಗಂತ ಆಮೇಲೆ ಎಲ್ಲಾ ಸುಖವಾಗಿದ್ರು ಅಂತಲ್ಲ. ಆ ಸ್ವತಂತ್ರ ಬದುಕಿನ ನಿಧಿಯನ್ನ 2015ರ ಜೂನ್ 30ಕ್ಕೆ ಮುಚ್ಚಿಬಿಟ್ರು, ಹೊಣೆ ಸ್ಥಳೀಯ ಆಡಳಿತಗಳ ಮೇಲೆ ಬಿತ್ತು. ವಿರೋಧಿಸಿ ವೀಲ್‌ಚೇರ್‌ನಲ್ಲಿ ಬಂದವರು ಸಂಸತ್ತಿನೊಳಗೇ ಗದ್ದಲ ಮಾಡಿದ್ರು.

ಸ್ವೀಡನ್ ಕಥಿ ಚಿಕ್ಕದಾಗಿ: ಜರ್ಮನಿಯಲ್ಲಿ ಹುಟ್ಟಿದ ಅಡಾಲ್ಫ್ ರಾಟ್ಸ್ಕ ಪೋಲಿಯೋ ಆದ ಮೇಲೆ ಅಮೆರಿಕಕ್ಕೆ ಓದೋಕೆ ಹೋಗಿ, ಅಲ್ಲಿ ಸಹಪಾಠಿಗಳನ್ನೇ ಪಗಾರಕ್ಕೆ ಇಟ್ಕೊಂಡು ಬದುಕಿದ. ಆಮೇಲೆ ಸ್ಟಾಕ್‌ಹೋಮ್‌ನಲ್ಲಿ 1980ರ ದಶಕದಲ್ಲಿ ಸಹಾಯಕರನ್ನ ಬಳಸೋ ಜನರದ್ದೇ ಒಂದು ಸಹಕಾರ ಸಂಘ ಕಟ್ಟಿದ. ನಮ್ಮಲ್ಲಿ ಹಾಲಿನ ಡೈರಿ ಇದ್ದಂಗ, ಇದು ನೆರವಿನ ಡೈರಿ. 1994ರ ಜನವರಿ 1ರಿಂದ ಅಲ್ಲಿ ಅದು ಕಾನೂನಿನ ಹಕ್ಕು.

ಭಾಗ 6
(ಫೋಟೊ: ಕ್ಯಾಲ್ಕುಲೇಟರ್, ಪಾಸ್‌ಬುಕ್)

ಬಿಕಾಂ ಮಂದಿಗೆ ಈ ಭಾಗ. ಇಂಗ್ಲೆಂಡಿನಾಗ ನೇರ ಪಾವತಿ ತಗೊಂಡವನ ಮನ್ಯಾಗ ಒಂದು ಸಣ್ಣ ಕಂಪನಿಯೇ ನಡೀತದ.

ಮೊದಲು ಅಂದಾಜು: ವಾರಕ್ಕೆ ಎಷ್ಟು ತಾಸು ನೆರವು, ಯಾವ ಹೊತ್ತಿಗೆ. ಆಮೇಲೆ ಆ ರೊಕ್ಕಕ್ಕೇ ಅಂತ ಬೇರೆ ಬ್ಯಾಂಕ್ ಖಾತೆ, ಸ್ವಂತ ಹಣದ ಜೊತೆ ಬೆರೆಸಂಗಿಲ್ಲ. ಜಾಹೀರಾತು ಬರೆದು, ಸಂದರ್ಶನ ಮಾಡಿ, ನೇಮಕಾತಿ ಕರಾರು ಮಾಡಬೇಕು. ಪ್ರತಿ ವಾರ ಟೈಮ್‌ಶೀಟ್, ಪೇಸ್ಲಿಪ್, ತೆರಿಗೆ ಕಡಿತ, ವಿಮೆಯ ಕಂತು. ಕೆಲಸದವರಿಗೆ ವರ್ಷಕ್ಕೆ 5.6 ವಾರ ಸಂಬಳ ಸಹಿತ ರಜೆ, ಕನಿಷ್ಠ ವೇತನ, ಹೊಣೆ ವಿಮೆ ಕಡ್ಡಾಯ. ರಸೀದಿ ಇಡಬೇಕು, ಆಡಳಿತದವರು ಬಂದು ನೋಡ್ತಾರ, ಉಳಿದದ್ದು ಹೆಚ್ಚಾದ್ರ ವಾಪಸ್ ತಗೋತಾರ. ಇದೆಲ್ಲಾ ಆಗದವರಿಗೆ ಪೇರೋಲ್ ನಡೆಸಿಕೊಡೋ ಸಂಸ್ಥೆಗಳದಾವ. ಒಂದೇ ಮನೆಯಲ್ಲಿರೋ ಗಂಡ, ಹೆಂಡತಿ, ಹತ್ತಿರದ ಸಂಬಂಧಿಗಳಿಗೆ ಸಾಮಾನ್ಯವಾಗಿ ಈ ರೊಕ್ಕದಿಂದ ಆರೈಕೆಯ ಪಗಾರ ಕೊಡೋಕೆ ಬಿಡಲ್ಲ. ಕ್ಯಾಲಿಫೋರ್ನಿಯಾ ತಾಯಿಗೂ ಕೊಡು ಅನ್ನುತ್ತೆ, ಇಂಗ್ಲೆಂಡ್ ಬ್ಯಾಡ ಅನ್ನುತ್ತೆ. ಎರಡೂ ಕಡೆ ತೀರ್ಮಾನ ತಗೊಳ್ಳೋನು ಮಾತ್ರ ನೆರವು ಬೇಕಾದವನೇ.

ನಾನು ಇದನ್ನ ಅಣ್ಣನಿಗೆ ಓದಿ ಹೇಳಿದಾಗ ಅವನು ಕೇಳಿದ ಪ್ರಶ್ನೆ ಒಂದೇ: "ಆಳು ಕೈಕೊಟ್ಟ ದಿನ ಏನ್ ಮಾಡ್ತಾರಂತ?" ಅದೇ ಗಂಟು. ಕಾರ್ಖಾನೆಯಲ್ಲಿ ಒಬ್ಬ ಬರಲಿಲ್ಲ ಅಂದ್ರ ಮಾಲು ಕಡಿಮೆ ಆಗ್ತದ. ಇಲ್ಲಿ ಒಬ್ಬ ಬರಲಿಲ್ಲ ಅಂದ್ರ ಮಾಲೀಕ ಹಾಸಿಗೆಯಲ್ಲೇ ಉಳೀತಾನ. ಹಿಂಗಾಗಿ ಅನುಭವ ಇದ್ದವರು ಒಬ್ಬರ ಬದಲು ಇಬ್ಬರು ಮೂವರನ್ನ ಕಡಿಮೆ ತಾಸಿಗೆ ಇಟ್ಕೋತಾರ, ತುರ್ತಿಗೆ ಅಂತ ಸ್ವಲ್ಪ ರೊಕ್ಕ ಖಾತೆಯಲ್ಲಿ ಬಿಡ್ತಾರ.

ಭಾಗ 7
(ಫೋಟೊ: ಇಲ್ಲ. ಕಪ್ಪು ಸ್ಲೈಡ್ ಹಾಕೀನಿ.)

ಈಗ ನಮ್ಮ ದೇಶ. "ಇಂಥದ್ದು ನಮ್ಮಲ್ಲಿ ಎಲ್ಲಿ ಬರಬೇಕು" ಅಂತ ಅನ್ನೋರಿಗೆ ಒಂದು ಸುದ್ದಿ: ನಮ್ಮಲ್ಲೂ ಐತಿ. ಸೈನಿಕರಿಗೆ.

'ನಿರಂತರ ಪರಿಚಾರಕ ಭತ್ಯೆ' ಅಂತ ಅದರ ಹೆಸರು. ಸೇವೆಯಲ್ಲಿದ್ದಾಗ 100% ಅಂಗವಿಕಲರಾಗಿ, ಸದಾ ಇನ್ನೊಬ್ಬರ ನೆರವು ಬೇಕು ಅಂತ ವೈದ್ಯಕೀಯ ಮಂಡಳಿ ಹೇಳಿದರೆ ಪಿಂಚಣಿ ಜೊತೆ ಇದು ಬರ್ತದ. 2017ರ ಜುಲೈನಿಂದ ತಿಂಗಳಿಗೆ 4,500 ಇದ್ದದ್ದು 6,750 ರೂಪಾಯಿ ಆಯ್ತು. ಬರೋದು ಪಿಂಚಣಿದಾರನ ಸ್ವಂತ ಖಾತೆಗೆ. ಹೆಂಡತಿಗೆ ಕೊಡ್ತಾನೋ, ಆಳಿಗೆ ಕೊಡ್ತಾನೋ ಅವನಿಗೆ ಬಿಟ್ಟದ್ದು. ಅಂದ್ರ ಇಂಗ್ಲೆಂಡಿನವರು ಹೋರಾಡಿ ಪಡೆದ ತತ್ವ ನಮ್ಮ ಸರ್ಕಾರಕ್ಕೆ ಹೊಸದಲ್ಲ.

ಇನ್ನೊಂದು ಜಾಗ ಮೋಟಾರು ಅಪಘಾತದ ಪರಿಹಾರ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹರಿಯಾಣದ ಒಂದು ಹುಡುಗಿಯ ಪ್ರಕರಣದಲ್ಲಿ ಲೆಕ್ಕ ಹಾಕಿದ ರೀತಿ ನೋಡ್ರಿ. 12 ವರ್ಷದಾಕಿ ಇದ್ದಾಗ ಅಪಘಾತ, ಜೀವನಪೂರ್ತಿ ಹಾಸಿಗೆ. ಕೆಳಗಿನ ಕೋರ್ಟುಗಳು ಒಬ್ಬ ಸಹಾಯಕನ ಲೆಕ್ಕ ಹಿಡಿದಿದ್ವು. ಸುಪ್ರೀಂ ಕೋರ್ಟ್ ಅಂತು: ದಿನಕ್ಕೆ 24 ತಾಸು, ಒಬ್ಬ ಮನುಷ್ಯ 24 ತಾಸು ದುಡಿಯೋದಿಲ್ಲ, ಇಬ್ಬರು ಬೇಕು. ಒಬ್ಬರಿಗೆ 5,000, ಇಬ್ಬರಿಗೆ ತಿಂಗಳಿಗೆ 10,000, ವರ್ಷಕ್ಕೆ 1,20,000. ಅದನ್ನ 18ರಿಂದ ಗುಣಿಸಿ 21,60,000 ರೂಪಾಯಿ ಸಹಾಯಕರ ಬಾಬ್ತು. ಕ್ಲಾಸಿನಲ್ಲಿ ಓದಿದ ವರ್ಷಾಶನದ ಲೆಕ್ಕ ಒಬ್ಬಳ ಮಗ್ಗುಲು ಬದಲಿಸೋ ಖರ್ಚಿಗೆ ಬಂದದ್ದು ನೋಡಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. 'ಒಬ್ಬ ಮನುಷ್ಯ 24 ತಾಸು ದುಡಿಯೋದಿಲ್ಲ' ಅನ್ನೋ ಮಾತನ್ನ ನಮ್ಮ ದೊಡ್ಡವ್ವನಿಗೆ ಇನ್ನೂ ಯಾರೂ ಹೇಳಿಲ್ಲ.

ಆದಾಯ ತೆರಿಗೆಯಲ್ಲೂ ಈ ಎರಡು ಖಾತೆಗಳ ಜಗಳ ಕಾಣ್ತದ. 1961ರ ಕಾಯ್ದೆಯ 80ಯು ಕಲಂ ಅಂಗವಿಕಲ ವ್ಯಕ್ತಿಗೇ ವಿನಾಯಿತಿ ಕೊಡ್ತಿತ್ತು, 80ಡಿಡಿ ಅವರನ್ನ ಸಾಕುವ ಸಂಬಂಧಿಗೆ. ಎರಡರಲ್ಲೂ 75,000, ತೀವ್ರವಾದರೆ 1,25,000. ಒಂದು ಕಲಂ ದುಡಿಯೋ ಮನುಷ್ಯನನ್ನ ನೋಡ್ತದ, ಇನ್ನೊಂದು ಅವಲಂಬಿತನನ್ನ. ನಮ್ಮ ಮನೆಗೆ ಎರಡೂ ಉಪಯೋಗ ಇಲ್ಲ, ಯಾಕಂದ್ರ ತೆರಿಗೆ ಕಟ್ಟೋವಷ್ಟು ಆದಾಯ ಬಂದ್ರ ತಾನೇ.

ಭಾಗ 8
(ಫೋಟೊ: ಗೋಡಂಬಿ ಬುಟ್ಟಿ)

ಕನ್ನಡ ಮಾತಾಡೋ ಊರುಗಳಲ್ಲಿ ಈ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾಗಿ ಎದ್ದದ್ದು ಕಾಸರಗೋಡಿನಲ್ಲಿ. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ, ವಾಣಿನಗರದ ಸುತ್ತ ಗೋಡಂಬಿ ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸ್ತಿತ್ತು, 2000ದ ತನಕ, ಎರಡು ದಶಕಕ್ಕೂ ಹೆಚ್ಚು. ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳು ಹೆಚ್ಚಿದ್ದನ್ನ ಗುರುತಿಸಿದರು, ಕನ್ನಡದ ಪತ್ರಕರ್ತ ಶ್ರೀಪಡ್ರೆ ಬರೆದರು. ಹಾಸಿಗೆ ಬಿಟ್ಟು ಏಳದ ಮಕ್ಕಳು, ಅವರನ್ನ ಬಿಟ್ಟು ಕೂಲಿಗೆ ಹೋಗಲಾರದ ತಾಯಂದಿರು.

2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸತ್ತವರ ಕುಟುಂಬಕ್ಕೆ ಮತ್ತು ಹಾಸಿಗೆ ಹಿಡಿದವರಿಗೆ 5 ಲಕ್ಷ, ಉಳಿದ ಬಾಧಿತರಿಗೆ 3 ಲಕ್ಷ ಕೊಡಿ ಅಂತ ಶಿಫಾರಸು ಮಾಡ್ತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಅಂದ್ರೂ, 2022ರ ಮೇ ತಿಂಗಳಲ್ಲಿ ಮತ್ತೆ ಕೋರ್ಟಿನ ಮುಂದೆ ಬಂದ ಲೆಕ್ಕ ಏನು? 3,704 ಜನರ ಪೈಕಿ ರೊಕ್ಕ ಮುಟ್ಟಿದ್ದು 8 ಜನರಿಗೆ, ಕೋರ್ಟಿನ ಬಾಗಿಲಿಗೆ ಬಂದಿದ್ದವರಿಗೆ. ಬರಲಾರದವರಿಗೇ ಅದು ಬೇಕಿತ್ತು ಅನ್ನೋದು ಬೇರೆ ಮಾತು.

ಕೇರಳದಲ್ಲಿ ಇನ್ನೊಂದು ಕೆಲಸ ಆಗಿತ್ತು. 'ಆಶ್ವಾಸಕಿರಣಂ' ಅಂತ ಒಂದು ಯೋಜನೆ, ಹಾಸಿಗೆ ಹಿಡಿದವರನ್ನ ನೋಡಿಕೊಳ್ಳೋರಿಗೆ ತಿಂಗಳಿಗೆ 600 ರೂಪಾಯಿ. ಬಾಧಿತರ ಮಾಸಾಶನ ಬೇರೆ, ಇದು ಬೇರೆ. ಮೊತ್ತ ನೋಡಿ ನಗಬ್ಯಾಡ್ರಿ. ಒಬ್ಬ ತಾಯಿಯ ಕೆಲಸಕ್ಕೆ ಸರ್ಕಾರದ ಪುಸ್ತಕದಾಗ ಒಂದು ಸಾಲು ಬಿತ್ತಲ್ಲ, ನಮ್ಮ ಆಯದ ಲೆಕ್ಕದಾಗೂ ಬೀಳದ ಸಾಲು, ಅದು ದೊಡ್ಡದು.

ಕರ್ನಾಟಕದ ಕಡೆ, ಕೊಕ್ಕಡದ ಸುತ್ತಮುತ್ತಲೂ ಇದೇ ವಿಷ, ಇದೇ ಗೋಡಂಬಿ. ಇಲ್ಲಿ ಸರ್ಕಾರ ಮಾಸಾಶನ ಕೊಡ್ತು, ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರ ನಡೆಸ್ತು.

ಭಾಗ 9
(ಫೋಟೊ: ಕಾಯ್ದೆ ಪುಸ್ತಕದ ಒಂದು ಪುಟ)

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್ 19ರಿಂದ ಜಾರಿ. ಇದಕ್ಕೆ ಮೂಲ 2006ರ ವಿಶ್ವಸಂಸ್ಥೆಯ ಒಪ್ಪಂದ, ಭಾರತ 2007ರಲ್ಲಿ ಒಪ್ಪಿಕೊಂಡದ್ದು. ಅದರ 19ನೇ ವಿಧಿ ಊರೊಳಗೆ, ಸ್ವತಂತ್ರವಾಗಿ ಬದುಕೋ ಹಕ್ಕಿನದು. ಬರ್ಕ್ಲಿ, ಲೆ ಕೋರ್ಟ್ ಮಂದಿಯ ಬೆವರು ಅದರೊಳಗೈತಿ.

ನಮ್ಮ ಕಾಯ್ದೆಯ ಎರಡು ಜಾಗ ನಿಧಾನ ಓದ್ರಿ. ಆರೈಕೆದಾರ ಅಂದ್ರ ಯಾರು ಅನ್ನೋ ವ್ಯಾಖ್ಯೆಯಲ್ಲಿ ತಂದೆತಾಯಿ, ಕುಟುಂಬದವರೂ ಬರ್ತಾರ, ಹಣ ಪಡೆದೋ ಪಡೆಯದೆಯೋ ಆರೈಕೆ ಮಾಡೋರು ಅಂತೈತಿ. ಇನ್ನು 24ನೇ ಕಲಂ, ಸಾಮಾಜಿಕ ಭದ್ರತೆ. ಅದರಾಗ ಆರೈಕೆದಾರ ಭತ್ಯೆ ಹೇಳ್ಯಾರ. ಯಾರಿಗೆ? ಹೆಚ್ಚಿನ ಬೆಂಬಲ ಬೇಕಾದ ಅಂಗವಿಕಲ ವ್ಯಕ್ತಿಗಳಿಗೆ. ಆರೈಕೆದಾರರಿಗೆ ಅಂತಲ್ಲ, ವ್ಯಕ್ತಿಗೆ! ನಾನು ಮೂರು ಸಲ ಓದಿದೆ. ಮೇಲೆ 'ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಅನ್ನೋ ಷರತ್ತೂ ಐತಿ, ಅದು ನಮ್ಮ ಎಲ್ಲಾ ಒಳ್ಳೆ ಕಾನೂನುಗಳ ಹಣೆಬರಹ.

2024ರ ಫೆಬ್ರುವರಿಯ ಕರ್ನಾಟಕ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಣೆ ಆಯ್ತು. ಇಲ್ಲಿ ರೊಕ್ಕ ಆರೈಕೆದಾರರಿಗೆ. ಕೇಂದ್ರದ ಕಾಯ್ದೆ ಒಂದು ಖಾತೆ ಹೇಳ್ತು, ರಾಜ್ಯದ ಯೋಜನೆ ಇನ್ನೊಂದು. ಯಾವುದು ಸರಿ? ನನಗನಿಸೋದು, ಇವೆರಡೂ ಬ್ಯಾರೆ ಬ್ಯಾರೆ ಖರ್ಚು. ವರ್ಷಗಟ್ಟಲೆ ದುಡಿದ ತಾಯಿಯ ಕೂಲಿ ಒಂದು. ತನಗೆ ಬೇಕಾದವರನ್ನ ಬೇಕಾದ ಹೊತ್ತಿಗೆ ಕರೆಯೋ ಮಗನ ಆಯ್ಕೆ ಇನ್ನೊಂದು. ಒಂದೇ ಸಾವಿರದಾಗ ಎರಡನ್ನೂ ತುರುಕಿದ್ರ ಮನ್ಯಾಗ ಜಗಳ ಬಿಟ್ಟು ಇನ್ನೇನ್ ಹುಟ್ಟತದ?

ಭಾಗ 10
(ಫೋಟೊ: ನಾವು ಮಾಡಿದ ಹಾಳೆ, ಅಣ್ಣನ ಒಪ್ಪಿಗೆ ಮೇಲೆ)

ಪ್ರಾಜೆಕ್ಟ್ 81ರವರು ಮಾಡಿದಂಗ ನಾವೂ ತಾಸಿನ ಲೆಕ್ಕ ಬರೆದ್ವಿ. ಒಂದು ವಾರ ನಾನು ಗಡಿಯಾರ ಹಿಡಿದೆ, ದೊಡ್ಡವ್ವ "ಇವಳಿಗೆ ಬುದ್ಧಿ ಇಲ್ಲ" ಅಂತ ನಕ್ಕಳು. ಮುಂಜಾನೆ ಎಬ್ಬಿಸೋದು, ಪಾಯಖಾನಿ, ಜಳಕ, ಗಡ್ಡ, ಬಟ್ಟಿ: 80 ನಿಮಿಷ. ಮೂರು ಹೊತ್ತಿನ ಊಟ ಉಣಿಸೋದು: 50. ಬಾಟಲಿ ಹಿಡಿಯೋದು, ಕೂತಲ್ಲಿ ಸರಿಪಡಿಸೋದು: 45. ಸಂಜಿ ಹೊರಗೆ ಕರಕೊಂಡು ಹೋಗೋದು: 40. ಮಲಗಿಸೋದು: 35. ರಾತ್ರಿ ಎರಡು ಸಲ ಮಗ್ಗುಲು: 20. ಒಟ್ಟು 270 ನಿಮಿಷ, ನಾಲ್ಕೂವರೆ ತಾಸು. ತಿಂಗಳಿಗೆ 135 ತಾಸು.

2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ. ಎಂಟು ತಾಸಿಗೆ ಭಾಗಿಸಿದ್ರ ತಾಸಿಗೆ ಸುಮಾರು 43 ರೂಪಾಯಿ 60 ಪೈಸೆ. 135 ತಾಸಿಗೆ ಹತ್ತಿರ ಹತ್ತಿರ 5,890. ಸಾವಿರ ರೂಪಾಯಿ ಅಂದ್ರ 23 ತಾಸು, ಖಾತರಿ ಕೂಲಿಯ ಮೂರು ದಿನವೂ ತುಂಬಲ್ಲ. ಶೇಕಡಾ 75ಕ್ಕಿಂತ ಹೆಚ್ಚು ಅಂಗವಿಕಲತೆಗೆ ಬರೋ 1,400ರ ಮಾಸಾಶನ ಪೂರ್ತಿ ಇದಕ್ಕೇ ಹಾಕಿದ್ರೂ ಎರಡೂ ಸೇರಿ 55 ತಾಸು. ಅಂದಹಾಗೆ ಮನೆಗೆಲಸದವರಿಗೆ ಕನಿಷ್ಠ ವೇತನ ಮೊದಲು ಗೊತ್ತು ಮಾಡಿದ ರಾಜ್ಯ ನಮ್ಮದೇ, 2004ರಲ್ಲಿ. ಬೇರೆಯವರ ಮನ್ಯಾಗ ಪಾತ್ರಿ ತಿಕ್ಕಿದ್ರ ಅದು ಕೆಲಸ, ಕಾನೂನಿಗೆ ಕಾಣ್ತದ.

ಹಾಳೆ ನೋಡಿ ದೊಡ್ಡವ್ವ ನಗೋದು ನಿಲ್ಲಿಸಿದ್ಲು. "ಸಾವಿರ ನನ್ನ ಹೆಸರಿಗೆ ಬಂದ್ರ ಏನಾತು, ಅವನಿಗೇ ಹಾಕ್ತೀನಲ್ಲ" ಅಂದ್ಲು. ಅಣ್ಣ ಅಂದ: "ಹಾಕಬ್ಯಾಡ. ಅದು ನಿನ್ನ ಪಗಾರ. ಸೀರಿ ತಗೋ, ಚೀಟಿ ಹಾಕು, ನನಗ ಹೇಳಬ್ಯಾಡ. ನನ್ನ ಮಾಸಾಶನದಾಗ ನಾ ಏನ್ ಕೊಳ್ಳತೀನಿ ಅನ್ನೋದು ನಿನಗೂ ನಾ ಹೇಳಂಗಿಲ್ಲ." ಸ್ವಲ್ಪ ಜೋರಾತು. ಆಮೇಲೆ ನಾನು ಕೇಳಿದೆ, ಮೊದಲು ಯಾವ ಹೊತ್ತು ಕೊಳ್ಳತೀ ಅಂತ.

"ಗಡ್ಡ" ಅಂದ. "ಅವ್ವನ ಕೈಲಿ ಗಡ್ಡ ತೆಗೆಸಿಕೊಳ್ಳೋದು ಸಾಕಾಗೇದ. ವಾರಕ್ಕೆ ಎರಡು ಸಲ ಅಂಗಡಿಯವನು ಮನಿಗೆ ಬರಲಿ, ಊರ ಸುದ್ದಿ ಹೇಳಲಿ."

ಮುಂಜಾನೆಯ 80ರೊಳಗಿಂದ ಗಡ್ಡದ 10 ನಿಮಿಷ ತೆಗೆದು ಕೆಳಗೆ ಬೇರೆ ಸಾಲು ಹಾಕೀವಿ. ಫೋಟೊದಾಗ ನೀಲಿ ಪೆನ್ನಿನದ್ದು ಅದೇ.

ಮುಂಜಾನೆ ಉಳಿದ ಕೆಲಸಕ್ಕೆ ಎತ್ತೋ ಶಕ್ತಿ ಇರೋ ಒಬ್ಬ ಹುಡುಗ ಸಿಕ್ಕರೆ ನೋಡೋದು ಅಂತ ಮಾತಾಗೈತಿ. ಯೋಜನೆ ಬಗ್ಗೆ ಕೇಳೋರಿದ್ರ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಕೇಳ್ರಿ, ಯುಡಿಐಡಿ ಕಾರ್ಡ್ ಜೊತೆಗಿರಲಿ. ಯಾರಾದ್ರೂ ಈಗಾಗಲೇ ಸಹಾಯಕರನ್ನ ಪಗಾರಕ್ಕೆ ಇಟ್ಕೊಂಡಿದ್ರ, ತಾಸಿಗೆ ಎಷ್ಟು ಕೊಡ್ತೀರಿ, ರಜಾ ದಿನ ಏನು ಮಾಡ್ತೀರಿ ಅಂತ ಕೆಳಗೆ ಬರೀರಿ, ಅಣ್ಣನೇ ಓದ್ತಾನ.

#ಘೋಣಸಗಿ #ತಿಕೋಟಾ #ವಿಜಯಪುರ #ಇತಿಹಾಸದಸಾಲು #ಆರೈಕೆಯಲೆಕ್ಕ